ಪಿಎಂ 2.5 ಮೀಟರ್: ಎರಡು ವರ್ಷ ಬಳಸಿದ ಮೇಲೆ

ಅಮ್ಮನಿಗೆ ಆಸ್ತಮಾ. ಅವರಿಗೋಸ್ಕರ 4,000 ರೂಪಾಯಿ ಕೊಟ್ಟು ಗಾಳಿಯಲ್ಲಿನ ಸಣ್ಣ ಧೂಳು (ಪಿಎಂ 2.5) ಅಳೆಯುವ ಈ ಪುಟ್ಟ ಮೀಟರ್ ತಂದೆ. ದಿನಾ ಬೆಳಗ್ಗೆ ಆರಕ್ಕೆ ಹಾಲು ಒಲೆ ಮೇಲಿಟ್ಟು, ಇದನ್ನು ಹಾಲ್‌ನ ಕಿಟಕಿ ಹೊರಗಿನ ಕಟ್ಟೆಯಲ್ಲಿಡುತ್ತೇನೆ. ಒಳಗಿನ ಫ್ಯಾನ್ ಸಣ್ಣಗೆ ಗುಂಯ್ ಅನ್ನುತ್ತದೆ. ಹಾಲು ಉಕ್ಕುವಷ್ಟರಲ್ಲಿ ಅಂಕಿ ಒಂದು ಕಡೆ ನಿಲ್ಲುತ್ತದೆ. 40ರ ಒಳಗಿದ್ದರೆ ಅಮ್ಮ ಚಪ್ಪಲಿ ಮೆಟ್ಟಿ ವಾಕಿಂಗ್ ಹೊರಡುತ್ತಾರೆ.

ಮೊದಲ ತಿಂಗಳು ಬರೀ ಸಿಟ್ಟು. ಸರ್ಕಾರಿ ಆ್ಯಪ್‌ನಲ್ಲಿ ಬೆಂಗಳೂರಿನ ಜಯನಗರ 5ನೇ ಬ್ಲಾಕ್‌ನ ಗಾಳಿ ಅಳೆಯುವ ಕೇಂದ್ರ 80 ತೋರಿಸಿದರೆ ನಮ್ಮ ಮೀಟರ್ 130 ಅನ್ನುತ್ತಿತ್ತು. ವಾಪಸ್ ಕಳಿಸಲು ಪ್ಯಾಕ್ ಕೂಡ ಮಾಡಿದ್ದೆ. ಕೊನೆಗೆ ನೋಡಿದರೆ ಇದು ಅಮೆರಿಕದ ಎಕ್ಯೂಐ (ಗಾಳಿಯ ಗುಣಮಟ್ಟದ ಸೂಚ್ಯಂಕ) ತೋರಿಸುತ್ತಿತ್ತು, ಆ್ಯಪ್ ನಮ್ಮ ದೇಶದ್ದು! ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಸಣ್ಣ ಧೂಳಿದ್ದರೆ ನಮ್ಮ ಲೆಕ್ಕದಲ್ಲಿ 100, ಅವರ ಲೆಕ್ಕದಲ್ಲಿ 150 ದಾಟುತ್ತದೆ. ಈಗ ಎಕ್ಯೂಐ ಬಿಟ್ಟು ನೇರ ಮೈಕ್ರೋಗ್ರಾಂ ಓದುತ್ತೇನೆ. ನೀವೂ ಹಾಗೇ ಮಾಡಿ.

ಇದು ನಿಜವಾಗಿ ಉಪಯೋಗಕ್ಕೆ ಬಂದಿದ್ದು ಒಂದು ಜನವರಿ ಬೆಳಗ್ಗೆ. ಬೀದಿ ತುದಿಯಲ್ಲಿ ಯಾರೋ ಎಲೆ ರಾಶಿಗೆ ಬೆಂಕಿ ಇಟ್ಟಿದ್ದರು. ಐದೇ ನಿಮಿಷಕ್ಕೆ 38 ಇದ್ದಿದ್ದು 210 ಆಯಿತು. ಆ್ಯಪ್‌ನ ಅಂಕಿ ಮಾತ್ರ ಅಲ್ಲಾಡಲಿಲ್ಲ. ಅದರದ್ದು ತಪ್ಪಲ್ಲ. ಕೇಂದ್ರ ಇರುವುದು ದೂರದಲ್ಲಿ, ಮೇಲಾಗಿ ಧೂಳಿನ ಲೆಕ್ಕ ಹಿಂದಿನ 24 ಗಂಟೆಯ ಸರಾಸರಿ. ಇಡೀ ಊರಿನ ಗಾಳಿ ಹೇಗಿದೆ ಅಂತ ತಿಳಿಯಲು ಅದೇ ಸರಿ. ಆದರೆ ಅರ್ಧ ಗಂಟೆಯ ಹೊಗೆ ಸರಾಸರಿಯಲ್ಲಿ ಕರಗಿಹೋಗುತ್ತದೆ, ಅಮ್ಮನ ಎದೆ ಕಟ್ಟಲು ಅಷ್ಟೇ ಸಾಕು. ಅವತ್ತು ಕಿಟಕಿ ಮುಚ್ಚಿ ಅವರನ್ನು ಮನೆಯಲ್ಲೇ ಉಳಿಸಿಕೊಂಡೆ. ಇನ್ಹೇಲರ್ ಬೇಕಾಗಲಿಲ್ಲ.

ದೊಡ್ಡ ದೋಷ ಅಂದರೆ ಮಂಜು. ಒಳಗಿನ ಲೇಸರ್ ಬೆಳಕು ಎಷ್ಟು ಚದುರಿತು ಅಂತ ನೋಡಿ ಧೂಳು ಎಣಿಸುತ್ತದೆ. ನೀರಿನ ಹನಿಯೂ ಅದಕ್ಕೆ ಧೂಳೇ. ದೊಡ್ಡ ಕೇಂದ್ರಗಳಲ್ಲಿ ಗಾಳಿಯನ್ನು ಬಿಸಿ ಮಾಡಿ ತೇವ ತೆಗೆದು ಅಳೆಯುತ್ತಾರೆ, ಇದರಲ್ಲಿ ಆ ವ್ಯವಸ್ಥೆ ಇಲ್ಲ. ಡಿಸೆಂಬರ್‌ನಲ್ಲಿ ಸುಮ್ನೆ 90 ತೋರಿಸಿ, ಬಿಸಿಲು ಬಿದ್ದ ಮೇಲೆ 35ಕ್ಕೆ ಇಳಿಯುತ್ತದೆ. ಒಗ್ಗರಣೆ ಹಾಕುವಾಗ ಅಡುಗೆಮನೆ ಹತ್ತಿರ ಇಡಲೇಬೇಡಿ. ಬ್ಯಾಟರಿ ಮೂರು ಗಂಟೆಗಿಂತ ಜಾಸ್ತಿ ಬರಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಮನೆಯಲ್ಲಿ ಉಸಿರಾಟದ ತೊಂದರೆ ಇರುವವರಿದ್ದರೆ ಈ ದುಡ್ಡಿಗೆ ಮೋಸವಿಲ್ಲ. ಚಳಿಗಾಲದಲ್ಲಿ ನಾನು ಮೊದಲು ಕಿಟಕಿ ಗಾಜಿನ ಹೊರಮೈ ಮೇಲೆ ಬೆರಳಾಡಿಸುತ್ತೇನೆ. ಒದ್ದೆ ಇದ್ದರೆ ಮೀಟರ್ ಆನ್ ಮಾಡುವುದಿಲ್ಲ. ಬಿಸಿಲು ಬರಲಿ ಅಂತ ಅಮ್ಮನಿಗೆ ಇನ್ನೊಂದು ಲೋಟ ಕಾಫಿ ಕೊಡುತ್ತೇನೆ.