ಸೆಕೆಂಡ್ ಹ್ಯಾಂಡ್ ಕ್ರೋನೋಗ್ರಾಫ್ ಕೊಳ್ಳುವ ಮುಂಚೆ ಇದನ್ನು ಓದಿ

ನನ್ನ ಮಗಳು 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ಬೆಂಗಳೂರಿನಲ್ಲಿ ಈಗ ತುಂಬಾ ಮಕ್ಕಳು ಈ ಆಟಕ್ಕೆ ಬರುತ್ತಿದ್ದಾರೆ. ಅಪ್ಪ-ಅಮ್ಮಂದಿರು ಕಷ್ಟಪಟ್ಟು ಸಾಮಾನು ಕೊಡಿಸುತ್ತಿದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಕ್ರೋನೋಗ್ರಾಫ್ ಅಂದರೆ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಹೋಗುವ ವೇಗ ಅಳೆಯುವ ಮೀಟರ್.

ರಾಜ್ಯ ಮಟ್ಟದ ಸ್ಪರ್ಧೆಗೆ ಐದು ವಾರ ಇತ್ತು. ಇದ್ದಕ್ಕಿದ್ದಂತೆ ಅವಳ ಗ್ರೂಪ್, ಅಂದರೆ ಗುರಿಯ ಕಾರ್ಡ್ ಮೇಲೆ ತೂತುಗಳು ಹರಡುವ ಜಾಗ, ಅಗಲವಾಯಿತು. ಈ ಆಟದಲ್ಲಿ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಸ್ವಲ್ಪ ಹೆಚ್ಚುಕಮ್ಮಿಯಾದರೂ ಅಂಕ ಹೋಗುತ್ತದೆ. ಗಾಳಿಯ ಒತ್ತಡ ಕಾಯುವ ರೆಗ್ಯುಲೇಟರ್ ಕೆಟ್ಟಿರಬಹುದು, ಪೆಲೆಟ್ ವೇಗ ಅಳೆದರೆ ಗೊತ್ತಾಗುತ್ತದೆ ಅಂತ ಯಾರೋ ಹೇಳಿದರು. ಹೊಸ ಕ್ರೋನೋಗ್ರಾಫ್ ಕೊಳ್ಳುವಷ್ಟು ದುಡ್ಡು ಆಗ ಇರಲಿಲ್ಲ. ಆನ್‌ಲೈನ್‌ನಲ್ಲಿ ಒಬ್ಬರು ಹಳೇದನ್ನು ಮಾರುತ್ತಿದ್ದರು. ಮಡಚಿ ಇಡುವಂಥ ಲೋಹದ ಪೆಟ್ಟಿಗೆ, ಎರಡು ತುದಿಯಲ್ಲಿ ಎರಡು ಬೆಳಕಿನ ಸೆನ್ಸರ್, ಮೇಲೆ ಕಡ್ಡಿಗಳಿಗೆ ಸಿಕ್ಕಿಸಿದ ಬಿಳಿ ಪ್ಲಾಸ್ಟಿಕ್ ಪರದೆ. ಐದೂವರೆ ಸಾವಿರ ಕೊಟ್ಟು ತಂದೆ. ಆನ್ ಆಗುತ್ತಾ ಅಂತ ನೋಡಿದೆ, ಅಷ್ಟೇ.

ರೇಂಜ್‌ನಲ್ಲಿ ಐದು ಹೊಡೆದಳು. ಸೆಕೆಂಡಿಗೆ 158, 181, 149, 163, 154 ಮೀಟರ್. ಸರಾಸರಿ 161. ಮ್ಯಾಚ್ ರೈಫಲ್ ಸಾಮಾನ್ಯವಾಗಿ 170ರ ಆಸುಪಾಸು ಹೊಡೆಯುತ್ತದೆ. ಒಳ್ಳೆ ಸ್ಥಿತಿಯಲ್ಲಿದ್ದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಒಂದೆರಡು ಮೀಟರ್ ವ್ಯತ್ಯಾಸ ಬಂದರೆ ಹೆಚ್ಚು. ನನಗೆ ಎದೆ ಧಸಕ್ ಅಂದಿತು. ಮರುದಿನವೇ ರೈಫಲ್ ರಿಪೇರಿಗೆ ಕೊಟ್ಟೆ. ಅವರು ರೆಗ್ಯುಲೇಟರ್ ಬಿಚ್ಚಿ ಸೀಲ್ ಬದಲಿಸಿದರು. ನನ್ನದೇ ಮೀಟರ್ ನೋಡಿಕೊಂಡು, ಸರಾಸರಿ 172 ಬರುವ ತನಕ ಹ್ಯಾಮರ್ ಸ್ಪ್ರಿಂಗ್ (ಗಾಳಿ ಬಿಡುವ ವಾಲ್ವ್‌ಗೆ ಬಡಿಯುವ ಭಾಗದ ಸ್ಪ್ರಿಂಗ್) ಬಿಗಿ ಮಾಡಿದರು. ನಾಲ್ಕು ಸಾವಿರ ಹೋಯಿತು. ಹತ್ತೊಂಬತ್ತು ದಿನ ಹೋಯಿತು. ರೈಫಲ್ ಕೈಗೆ ಬಂದಾಗ ಮೊದಲಿಗಿಂತ ಕೆಟ್ಟದಾಗಿತ್ತು. ಹೊಡೆದ ತಕ್ಷಣ ಆಗುವ ಅದುರು ಬೇರೆ ಥರ ಇದೆ ಅಂತ ಮಗಳು ಹೇಳಿದಳು. ನಾನು ಅವಳ ಮಾತಿಗಿಂತ ಮೀಟರಿನ ಅಂಕಿಯನ್ನು ನಂಬಿದೆ.

ಗುಟ್ಟು ಬಯಲು ಮಾಡಿದ್ದು ಜೊತೆಯ ಹುಡುಗನೊಬ್ಬನ ತಂದೆ. "ಮೇಡಂ, ಮೊದಲು ಮೀಟರ್ ಸರಿ ಇದೆಯಾ ಅಂತ ನೋಡಿದ್ರಾ?" ಅಂದರು. ಅವರ ಹತ್ತಿರ ನಳಿಕೆ ಮುಂದೆ ಇಡುವ ಚಿಕ್ಕ ಡಬ್ಬಿ ಇತ್ತು. ಸುತ್ತ ಮುಚ್ಚಿದ ಡಬ್ಬಿ, ಒಳಗೆ ತನ್ನದೇ ಇನ್ಫ್ರಾರೆಡ್ ಬೆಳಕು. ಅದರಲ್ಲಿ ನಮ್ಮ ರೈಫಲ್ 184, 183, 184 ತೋರಿಸಿತು! ಅಂದರೆ ಚೆನ್ನಾಗಿದ್ದ ರೈಫಲನ್ನು ನಾವೇ ಅತಿ ವೇಗಕ್ಕೆ ತಿರುಗಿಸಿಬಿಟ್ಟಿದ್ದೆವು.

ನನ್ನ ಮೀಟರ್‌ಗೆ ಎರಡು ರೋಗ ಇತ್ತು. ಮೊದಲನೆಯದು ಬೆಳಕು. ಈ ಥರದ ಕ್ರೋನೋ ಆಕಾಶದ ಬೆಳಕಿಗೆ ಮಾಡಿದ್ದು. ಪೆಲೆಟ್ ಮೇಲೆ ಹಾದಾಗ ಬೀಳುವ ಸಣ್ಣ ನೆರಳನ್ನು ಸೆನ್ಸರ್ ಹಿಡಿಯುತ್ತದೆ. ಮೊದಲ ಸೆನ್ಸರ್‌ನಿಂದ ಎರಡನೆಯದಕ್ಕೆ 30 ಸೆಂ.ಮೀ. ಆ ದೂರಕ್ಕೆ ಪೆಲೆಟ್ ತೆಗೆದುಕೊಳ್ಳುವುದು ಸೆಕೆಂಡಿನ ಸಾವಿರದಲ್ಲಿ ಎರಡು ಭಾಗಕ್ಕಿಂತ ಕಡಿಮೆ. ನಮ್ಮ ಕರೆಂಟ್ 50 ಹರ್ಟ್ಸ್. ಹಾಗಾಗಿ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಎಲ್ಲ ಸೆಕೆಂಡಿಗೆ 100 ಸಲ ಮಿನುಗುತ್ತವೆ. ನಮ್ಮ ಕಣ್ಣಿಗೆ ಕಾಣಲ್ಲ, ಸೆನ್ಸರ್‌ಗೆ ಕಾಣುತ್ತದೆ. ಅದಕ್ಕೇ ಅಂಕಿಗಳು ಹಾಗೆ ಕುಣಿದದ್ದು. ಜುಲೈ ತಿಂಗಳ ಮೋಡದ ದಿನ ರೇಂಜ್‌ನ ಹೊರಗಿನ ಲೇನ್‌ನಲ್ಲಿ, ಕೋಚ್ ಸರ್ ಮುಂದೆ ನಿಂತು ಮತ್ತೆ ಅಳೆದೆವು. ಮಳೆಗಾಲದ ಬೆಂಗಳೂರಿನ ಆಕಾಶ ಈ ಯಂತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ, ಒಂದೇ ಸಮನಾದ ಬೆಳಕು. ಕುಣಿತ ನಿಂತಿತು. 172, 171, 172.

ಆದರೆ ನಿಜವಾದ ವೇಗ 184 ಅಲ್ವಾ? ಎರಡನೇ ರೋಗ ಅದು. ಪೆಟ್ಟಿಗೆಯ ನಡುವಿನ ಕೀಲು ಬಗ್ಗಿತ್ತು. ಎರಡು ತುದಿ ಸ್ವಲ್ಪ ಕೆಳಗೆ ಜೋತಿದ್ದವು. ಅಂದರೆ ಸೆನ್ಸರ್‌ಗಳು ನೇರ ಮೇಲೆ ನೋಡದೆ ಒಂದು ಆ ಕಡೆ, ಇನ್ನೊಂದು ಈ ಕಡೆ ವಾಲಿದ್ದವು. ತಳದಲ್ಲಿ ದೂರ 30 ಸೆಂ.ಮೀ. ಇದ್ದರೂ ಪೆಲೆಟ್ ಹೋಗುವ ಎತ್ತರದಲ್ಲಿ ಅದು 32 ಆಗಿತ್ತು. ಯಂತ್ರ ಮಾತ್ರ 30 ಅಂತಲೇ ಲೆಕ್ಕ ಹಾಕುತ್ತಿತ್ತು. ಪೆಲೆಟ್ ಸೆನ್ಸರ್‌ಗಿಂತ 15 ಸೆಂ.ಮೀ. ಮೇಲೆ ಹೋದರೆ 172, ಬರೀ 5 ಸೆಂ.ಮೀ. ಮೇಲೆ ಹೋದರೆ 180. ಒಂದೇ ರೈಫಲ್, ಒಂದೇ ಡಬ್ಬಿಯ ಪೆಲೆಟ್.

ಈ ಎತ್ತರದ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ತಗ್ಗಿನಲ್ಲಿ ಐದು, ಎತ್ತರದಲ್ಲಿ ಐದು ಹೊಡೆದು ನೋಡಿ. ಸರಾಸರಿ ಬೇರೆ ಬಂದರೆ ಆ ಮೀಟರ್ ಬೇಡ. ತೀರಾ ತಗ್ಗಿಸಿದರೆ ಪೆಲೆಟ್ ಪೆಟ್ಟಿಗೆಗೇ ಬಡಿದು ಹಿಂದಕ್ಕೆ ಚಿಮ್ಮಬಹುದು. ಆದ್ದರಿಂದ ಕನ್ನಡಕ ಹಾಕಿಕೊಂಡು, ರೇಂಜ್‌ನಲ್ಲಿ ಮಾತ್ರ ಮಾಡಿ. ಮನೆ ಟೆರೇಸ್ ಮೇಲೆ ಬೇಡವೇ ಬೇಡ.

ನನಗೆ ಇನ್ನೂ ಸಂಕಟ ಆಗುವುದು ಬೇರೆ ವಿಷಯಕ್ಕೆ. ಮೀಟರ್ ಸುಳ್ಳು ಹೇಳುತ್ತಿದೆ ಅನ್ನುವುದಕ್ಕೆ ಸಾಕ್ಷಿ ಮೊದಲ ದಿನವೇ ನನ್ನ ಕೈಯಲ್ಲಿತ್ತು. ಅವಳು ಹೊಡೆದ ಕಾರ್ಡೇ ಆ ಸಾಕ್ಷಿ. 181ರಲ್ಲಿ ಹೋದ ಪೆಲೆಟ್ 10 ಮೀಟರ್ ದೂರದಲ್ಲಿ ಸುಮಾರು 15 ಮಿ.ಮೀ. ಕೆಳಗೆ ಇಳಿಯುತ್ತದೆ. 149ರದ್ದು 22 ಮಿ.ಮೀ. ಆ ಅಂಕಿಗಳು ನಿಜವಾಗಿದ್ದರೆ ತೂತುಗಳು ಮೇಲೆ-ಕೆಳಗೆ 7 ಮಿ.ಮೀ. ಹರಡಬೇಕಿತ್ತು. ಅವಳ ಕಾರ್ಡ್‌ನಲ್ಲಿ ಅದರ ಅರ್ಧವೂ ಇರಲಿಲ್ಲ, ಹರಡಿದ್ದೂ ಎಲ್ಲ ದಿಕ್ಕಿಗೆ. ಗ್ರೂಪ್ ಅಗಲವಾಗಿದ್ದಕ್ಕೆ ಕೊನೆಗೆ ಸಿಕ್ಕ ಕಾರಣ ಪೆಲೆಟ್ ಡಬ್ಬಿ. ಮೊದಲು 4.50 ಹೆಡ್ ಸೈಜ್ (ಪೆಲೆಟ್ ತಲೆಯ ಅಗಲ, ಮಿ.ಮೀ. ಲೆಕ್ಕದಲ್ಲಿ) ತರುತ್ತಿದ್ದೆವು, ಆ ಸಲ ಅಂಗಡಿಯಲ್ಲಿ 4.49 ಇತ್ತು, ಅದನ್ನೇ ತಂದಿದ್ದೆ. ನಮ್ಮ ನಳಿಕೆಗೆ ಅದು ಹಿಡಿಸಲಿಲ್ಲ.

ಮ್ಯಾಚ್ ರೈಫಲ್ ಅಲ್ಲದೆ ಸಾಮಾನ್ಯ ಏರ್ ಗನ್ ಇಟ್ಟುಕೊಂಡವರಿಗೆ ಒಂದು ಮಾತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಕೆಯಿಂದ ಹೊರಡುವ ಪೆಲೆಟ್‌ನ ಶಕ್ತಿ 20 ಜೌಲ್ ದಾಟಿದರೆ ಪರವಾನಗಿ ಬೇಕು. ಶಕ್ತಿ ವೇಗದ ವರ್ಗಕ್ಕೆ (ವೇಗ × ವೇಗ) ತಕ್ಕಂತೆ ಏರುತ್ತದೆ. ಹಾಗಾಗಿ ನನ್ನ ಮೀಟರಿನಂಥದ್ದು 22 ಜೌಲ್ ಗನ್ನನ್ನು 19 ಅಂತ ತೋರಿಸುತ್ತದೆ. ಅದನ್ನು ನಂಬಿ ನಿಶ್ಚಿಂತೆಯಾಗಿ ಕೂರಬೇಡಿ.

ಕಡಿಮೆ ದುಡ್ಡಿನಲ್ಲಿ ಮೊದಲ ಕ್ರೋನೋ ಬೇಕು, ಹೊಡೆಯುವುದು ಒಳಗೆ ಅಂದರೆ ಆಕಾಶದ ಬೆಳಕಿನ ಮಾದರಿ ತೆಗೆದುಕೊಳ್ಳಬೇಡಿ. ತನ್ನದೇ ಇನ್ಫ್ರಾರೆಡ್ ಬೆಳಕಿರುವ ಮುಚ್ಚಿದ ಡಬ್ಬಿ ನೋಡಿ. ಅದರಲ್ಲೂ ಒಂದು ತೊಂದರೆ ಇದೆ. ಸೆನ್ಸರ್‌ಗಳ ನಡುವೆ ದೂರ ಕಡಿಮೆ. 5 ಸೆಂ.ಮೀ. ಇದ್ದರೆ ಒಂದು ಮಿಲಿಮೀಟರ್ ತಪ್ಪು ಕೂಡ ಶೇಕಡಾ 2 ಆಗುತ್ತದೆ. ಆದ್ದರಿಂದ ಇನ್ನೊಬ್ಬರ ಮೀಟರ್ ಜೊತೆ ಒಂದು ಸಲ ಹೋಲಿಸಿ ನೋಡಲೇಬೇಕು. ಬ್ಯಾಟರಿ ಹೊಸದು ಹಾಕಿ. ರೇಡಾರ್ ಮಾದರಿಗೆ ಬೆಳಕಿನ ತಕರಾರೇ ಇಲ್ಲ. ಆದರೆ 2023ರಲ್ಲಿ ಗಾರ್ಮಿನ್ ತಂದ ಝೀರೋ ಸಿ1 ಪ್ರೊಗೆ ಬಿಡುಗಡೆಯಾದಾಗ 600 ಡಾಲರ್ ಇತ್ತು. ನಮ್ಮಂಥವರಿಗೆ ಅದು ದೂರದ ಮಾತು. ಒಂದೇ ರೇಂಜ್‌ಗೆ ಬರುವ ನಾಲ್ಕು ಮನೆಯವರು ಸೇರಿ ಒಂದು ಒಳ್ಳೆ ಕ್ರೋನೋ ಕೊಂಡರೆ ಸಾಕು. ಇದು ದಿನಾ ಬೇಕಾಗುವ ವಸ್ತು ಅಲ್ಲ.

ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ, ಆಮೇಲೆ ಫೋನ್ ಕೂಡ ಎತ್ತಲಿಲ್ಲ. ಸ್ಪ್ರಿಂಗ್ ಮತ್ತೆ ಸಡಿಲ ಮಾಡಿಸಿ 172ಕ್ಕೆ ತರುವಷ್ಟರಲ್ಲಿ ಸ್ಪರ್ಧೆಗೆ ನಾಲ್ಕು ದಿನ ಉಳಿದಿತ್ತು. ಹಳೇ 4.50 ಡಬ್ಬಿ ಹುಡುಕಿ ತಂದೆ. ಮಗಳು ಹೋಗಿ ಹೊಡೆದಳು. ಅವಳ ಎಂದಿನ ಅಂಕಕ್ಕಿಂತ ಒಂಬತ್ತು ಕಡಿಮೆ ಬಂತು. ನನ್ನನ್ನು ಏನೂ ಅನ್ನಲಿಲ್ಲ. ಆ ಪೆಟ್ಟಿಗೆಯನ್ನು ನಾನು ಯಾರಿಗೂ ಮಾರುವುದಿಲ್ಲ. ಕೀಲು ಮುರಿದು ಗುಜರಿಗೆ ಹಾಕಿದ್ದೇನೆ.