ಕ್ಯಾಸೆಟ್ ಕನ್ವರ್ಟ್ ಮಾಡಿಸುವವರೇ, ಕೊನೆಯ ಐದು ನಿಮಿಷ ನೋಡದೆ ದುಡ್ಡು ಕೊಡಬೇಡಿ

ಮುಂಬಯಿಯಲ್ಲಿ ಹಳೇ ವಿಎಚ್‌ಎಸ್ ವಿಡಿಯೋ ಕ್ಯಾಸೆಟ್ ಅನ್ನು ಕಂಪ್ಯೂಟರ್ ಫೈಲಿಗೆ ಕನ್ವರ್ಟ್ ಮಾಡಿಸಲು ಹೊರಟವರು ದಯವಿಟ್ಟು ಇದನ್ನು ಓದಿ. ಮೂರು ವಾರ ಆಯ್ತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

1994ರಲ್ಲಿ ಮಾಟುಂಗಾದಲ್ಲಿ ನಮ್ಮ ಊರವರೆಲ್ಲ ಸೇರಿ ಯಕ್ಷಗಾನ ಆಡಿದ್ದರು. ಅಪ್ಪನದು ಅಭಿಮನ್ಯು. ಅಪ್ಪ ಈಗ ಇಲ್ಲ. ಅವರು ಕುಣಿದದ್ದು ಉಳಿದಿರುವುದು ಆ ಒಂದೇ ಕ್ಯಾಸೆಟ್‌ನಲ್ಲಿ. ದಾದರ್‌ನ ಒಂದು ಅಂಗಡಿಗೆ ಕೊಟ್ಟೆ. ಅಂಗಡಿಯವರು ನಮ್ಮ ಕಡೆಯವರೇ, ಕನ್ನಡದಲ್ಲೇ ಮಾತಾಡಿದರು. ನಮ್ಮವರು ಅಂತ ನಂಬಿದೆ. 2,000 ರೂಪಾಯಿ, ಅರ್ಧ ಅಡ್ವಾನ್ಸ್.

ಪೆನ್‌ಡ್ರೈವ್ ತೆಗೆದುಕೊಳ್ಳುವ ದಿನ ಕಂಪ್ಯೂಟರಿನಲ್ಲಿ ಮೊದಲ ಐದು ನಿಮಿಷ ತೋರಿಸಿದರು. ಅಪ್ಪನ ವೇಷ ಕಂಡದ್ದೇ ನನಗೆ ಕಣ್ಣು ತುಂಬಿ ಬಂತು. ಬಾಕಿ ದುಡ್ಡು ಅಲ್ಲೇ ಎಣಿಸಿ ಕೊಟ್ಟೆ. ಐದೇ ಐದು ನಿಮಿಷ ನೋಡಿ ಕೊಟ್ಟೆ!

ಭಾನುವಾರ ಡೊಂಬಿವಲಿಯ ನಮ್ಮ ಮನೆಗೆ ಎಲ್ಲರನ್ನೂ ಕರೆದಿದ್ದೆ. ಆ ದಿನ ಚೆಂಡೆ ಬಾರಿಸಿದ್ದ ಮಾವನೂ ಬಂದಿದ್ದರು. ಒಂದು ಗಂಟೆ ದಾಟುವಾಗ ಏನೋ ಸರಿಯಿಲ್ಲ ಅನಿಸಿತು. ಅಪ್ಪನ ಕಾಲು ನೆಲಕ್ಕೆ ಬೀಳುತ್ತದೆ, ಚೆಂಡೆಯ ಪೆಟ್ಟು ಆಮೇಲೆ ಕೇಳುತ್ತದೆ. ಕೊನೆಗೆ ಬರುವಾಗ ನಾಲ್ಕು ಸೆಕೆಂಡ್ ವ್ಯತ್ಯಾಸ. ಅಪ್ಪ ಕುಣಿತ ನಿಲ್ಲಿಸಿ ಆಗಿದೆ, ಗೆಜ್ಜೆ ಇನ್ನೂ ಕೇಳುತ್ತಿದೆ. ಮಾವ ಏನೂ ಹೇಳಲಿಲ್ಲ, ತಲೆ ತಗ್ಗಿಸಿ ಕೂತರು. ಅಮ್ಮ ಮೆಲ್ಲಗೆ, "ನಿನ್ನಪ್ಪ ಯಾವತ್ತೂ ತಾಳ ತಪ್ಪಿದವರಲ್ಲ ಮಗಾ" ಅಂದರು. ನನಗೆ ಅಲ್ಲಿಂದ ಎದ್ದು ಹೋಗಬೇಕು ಅನಿಸಿತು.

ಅಂಗಡಿಗೆ ಫೋನ್ ಮಾಡಿದೆ. ಮೊದಲು "ನಿಮ್ಮ ಟಿವಿಯ ಪ್ರಾಬ್ಲಂ" ಅಂದರು. ಲ್ಯಾಪ್‌ಟಾಪ್‌ನಲ್ಲೂ ಹೀಗೇ ಅಂದೆ. "ವಿಎಲ್‌ಸಿಯಲ್ಲಿ ಜೆ ಕೀ ಒತ್ತಿ ಮಾರಾಯ್ರೆ, ಸರಿಯಾಗ್ತದೆ." ವಿಎಲ್‌ಸಿ ಅಂದರೆ ವಿಡಿಯೋ ನೋಡುವ ಪ್ರೋಗ್ರಾಂ. ಅದರಲ್ಲಿ ಆ ಕೀ ಒಂದು ಸಲ ಒತ್ತಿದರೆ ಸೌಂಡ್ 50 ಮಿಲಿಸೆಕೆಂಡ್ ಬೇಗ ಬರುತ್ತದೆ. ಕೊನೆಯದು ಸರಿಯಾಗಲು 80 ಸಲ ಒತ್ತಬೇಕು. ಒತ್ತಿದೆ. ಆಗ ಸುರುವಿನ ಭಾಗ ಹಾಳಾಯಿತು! ಇಡೀ ಆಟಕ್ಕೆ ಒಂದೇ ಅಂತರ ಇದ್ದರೆ ಮಾತ್ರ ಆ ಕೀ ಉಪಯೋಗ. ಇದು ಹೋಗ್ತಾ ಹೋಗ್ತಾ ಜಾಸ್ತಿ ಆಗುವ ಅಂತರ. ಅದು ಹೇಳಿದ್ದಕ್ಕೆ, "ಕ್ಯಾಸೆಟ್ ಹಳೇದು, ನಾವೇನು ಮಾಡುವುದು?"

ಕ್ಯಾಸೆಟ್‌ನ ತಪ್ಪೇ? ಪುಣೆಯಲ್ಲಿರುವ ಅಣ್ಣನ ಗೆಳೆಯರ ಹತ್ತಿರ ಇನ್ನೂ ವಿಸಿಆರ್ ಇದೆ. ಹಾಕಿ ನೋಡಿದೆವು. ಸುರುವಿನಿಂದ ಕೊನೆಯವರೆಗೆ ಚೆಂಡೆಯೂ ಕಾಲೂ ಒಟ್ಟಿಗೇ ಇವೆ. ಅವರೇ ವಿಷಯ ಬಿಡಿಸಿ ಹೇಳಿದರು. ನಮ್ಮದು ಪಾಲ್ (PAL) ಅನ್ನುವ ವಿಡಿಯೋ ಪದ್ಧತಿಯ ಕ್ಯಾಸೆಟ್, ಅದರಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 25 ಬಿಡಿ ಚಿತ್ರ, ಒಂದಕ್ಕೆ 40 ಮಿಲಿಸೆಕೆಂಡ್. ಕ್ಯಾಪ್ಚರ್ ಮಾಡುವಾಗ, ಅಂದರೆ ಕ್ಯಾಸೆಟ್ ಓಡಿಸಿ ಕಂಪ್ಯೂಟರಿಗೆ ತುಂಬಿಸುವಾಗ, ಕಂಪ್ಯೂಟರ್ ತಡವರಿಸಿದರೆ, ಅಥವಾ ಟೇಪ್ ಅಲ್ಲಲ್ಲಿ ಸವೆದಿದ್ದರೆ ಫ್ರೇಮ್ ಬಿಟ್ಟುಹೋಗುತ್ತವೆ. ಸೌಂಡ್ ಮಾತ್ರ ಪೂರ್ತಿ ಬರುತ್ತದೆ. ನೂರು ಫ್ರೇಮ್ ಹೋದರೆ ಚಿತ್ರದಲ್ಲಿ ನಾಲ್ಕು ಸೆಕೆಂಡ್ ಹೋಯಿತು, ಸೌಂಡ್ ಅಷ್ಟು ಹಿಂದೆ ಬಿತ್ತು. ಸೌಂಡನ್ನು ಕುಗ್ಗಿಸಿ ಕೂರಿಸಲು ನೋಡಿದೆವು, ಆಗಲಿಲ್ಲ. ಫ್ರೇಮ್ ಸಮನಾಗಿ ಹೋಗಿಲ್ಲ, ಗುಂಪುಗುಂಪಾಗಿ ಹೋಗಿವೆ. ಮತ್ತೆ ಕ್ಯಾಪ್ಚರ್ ಮಾಡುವುದೊಂದೇ ದಾರಿ.

ಅಂಗಡಿಯವರಿಗೆ ಇದೆಲ್ಲ ಹೇಳಿದೆ. "ನೀವೇ ನೋಡಿ ಓಕೆ ಅಂದ್ರಲ್ಲ? ಮತ್ತೆ ಮಾಡಬೇಕಾದರೆ 800 ಕೊಡಿ." ನಾನು ನೋಡಿದ್ದು ಐದು ನಿಮಿಷ! ಅವರು ತೋರಿಸಿದ ಐದು ನಿಮಿಷ!

ಸುರು, ನಡು, ಕೊನೆ, ಮೂರೂ ಕಡೆ ಅಂಗಡಿಯಲ್ಲೇ ನೋಡಿ. ಬಾಯಿ ಆಡುವುದು, ಚಪ್ಪಾಳೆ, ಕಾಲಿನ ಪೆಟ್ಟು ನೋಡಿ. ಕ್ಯಾಸೆಟ್ ವಾಪಸ್ ತೆಗೆದುಕೊಳ್ಳಲು ಮರೆಯಬೇಡಿ. ನಮ್ಮವರು ಅಂತ ಸುಮ್ನೆ ನಂಬಬೇಡಿ.

ಪುಣೆಯವರು ಬೇರೆ ಕಂಪ್ಯೂಟರಿನಲ್ಲಿ ಮತ್ತೆ ಕ್ಯಾಪ್ಚರ್ ಮಾಡಿ ಕೊಟ್ಟರು. ಅಮ್ಮ ಕೊನೆಯವರೆಗೂ ನೋಡಿದರು. ಅಂಗಡಿಯವರು ಈಗ ನನ್ನ ಫೋನ್ ಎತ್ತುತ್ತಿಲ್ಲ.