ಮರದ ಕಪ್‌ನ ಐದು ಹೆಡ್‌ಫೋನ್‌ಗಳು: ವೀಣೆ, ಮೃದಂಗ, ತಂಬೂರಿ ಕೇಳಿಸಿ ನೋಡಿದ ಹೋಲಿಕೆ

ಮರದ ಹೆಡ್‌ಫೋನ್ ಅಂದ ತಕ್ಷಣ ಎಲ್ಲರೂ ಮೊದಲು ಕೇಳುವುದು ‘ಯಾವ ಮರ?’ ಅಂತ. ಆ ಪ್ರಶ್ನೆಯನ್ನು ಐದನೆಯದಾಗಿ ಕೇಳಿದರೂ ನಷ್ಟವಿಲ್ಲ. ನಾದ ಹೇಗಿರಬೇಕೆಂದು ಮೊದಲು ತೀರ್ಮಾನಿಸುವುದು ಡ್ರೈವರ್, ಅಂದರೆ ಒಳಗೆ ಕಂಪಿಸಿ ಸದ್ದು ಹುಟ್ಟಿಸುವ ಭಾಗ. ಆಮೇಲೆ ಕಿವಿಗೆ ತಾಗುವ ಪ್ಯಾಡ್, ಆಮೇಲೆ ಕಪ್‌ನ ಹಿಂಭಾಗ ತೆರೆದಿದೆಯೋ ಮುಚ್ಚಿದೆಯೋ ಅನ್ನುವುದು, ಅದಾದ ಮೇಲೆ ಹೆಡ್‌ಫೋನ್‌ಗೆ ಶಕ್ತಿ ಕೊಡುವ ಆಂಪ್. ಮರದ ಸರದಿ ಬರುವ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿರುತ್ತದೆ. ಹಾಗಂತ ಮರ ಬರೀ ಅಲಂಕಾರ ಅಂತಲೂ ಅಲ್ಲ. ಅದು ಎಲ್ಲಿ ಲೆಕ್ಕಕ್ಕೆ ಬರುತ್ತದೆ ಅನ್ನುವುದನ್ನು ಮುಂದೆ ನೋಡೋಣ.

ಇಲ್ಲಿ ಹೋಲಿಸಿರುವುದು ಗ್ರಾಡೊ ಆರ್‌ಎಸ್1ಎಕ್ಸ್, ಮೆಝೆ 109 ಪ್ರೊ, ಡೆನಾನ್ ಎಎಚ್-ಡಿ7200, ಫಾಸ್ಟೆಕ್ಸ್ ಟಿಎಚ್900 ಮಾರ್ಕ್ 2 ಮತ್ತು ಝಡ್‌ಎಂಎಫ್ ಓಟರ್. ಗ್ರಾಡೊ, ಮೆಝೆ, ಓಟರ್ ಮೂರೂ ತೆರೆದ ಕಪ್‌ನವು. ಡೆನಾನ್, ಫಾಸ್ಟೆಕ್ಸ್ ಎರಡೂ ಮುಚ್ಚಿದ ಕಪ್‌ನವು.

ಹೋಲಿಸುವ ಮುನ್ನ ಸದ್ದಿನ ಮಟ್ಟ ಸಮ ಮಾಡಿಕೊಳ್ಳದಿದ್ದರೆ ಇಡೀ ಕಸರತ್ತೇ ದಂಡ. ಒಂದು ಡೆಸಿಬೆಲ್ ಜೋರಾಗಿ ನುಡಿಯುವ ಹೆಡ್‌ಫೋನ್ ಸುಮ್ಮನೆ ‘ಇದೇ ಚೆನ್ನಾಗಿದೆ’ ಅನ್ನಿಸಿಕೊಂಡುಬಿಡುತ್ತದೆ. ದಪ್ಪ ರಟ್ಟಿನ ನಡುವೆ ಸದ್ದು ಅಳೆಯುವ ಮೀಟರಿನ ಮೈಕ್ ತೂರುವಷ್ಟು ತೂತು ಮಾಡಿ. ಪ್ಯಾಡ್ ಸುತ್ತಲೂ ರಟ್ಟಿಗೆ ಅಂಟಿ ಕೂರುವಂತೆ ಹೆಡ್‌ಫೋನ್ ಇಡಿ. 500ರಿಂದ 2000 ಹರ್ಟ್ಸ್ ಒಳಗಿನ ಪಿಂಕ್ ನಾಯ್ಸ್ (ಪರೀಕ್ಷೆಗೆ ಬಳಸುವ ಒಂದೇ ಸಮನೆಯ ಮೊರೆತ) ನುಡಿಸಿ, ಎಲ್ಲವನ್ನೂ ಅರ್ಧ ಡೆಸಿಬೆಲ್ ಒಳಗೆ ತನ್ನಿ. ಇಡೀ ಶ್ರೇಣಿಯ ನಾಯ್ಸ್ ಹಾಕಿದರೆ ಬೇಸ್ ಹೆಚ್ಚಿರುವ ಹೆಡ್‌ಫೋನ್ ಮೀಟರನ್ನು ದಾರಿ ತಪ್ಪಿಸುತ್ತದೆ. ವಾಲ್ಯೂಮ್ ಗುಂಡಿ ಎಲ್ಲೆಲ್ಲಿ ನಿಂತಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಒಂದೇ ತುಣುಕನ್ನು ಮೊದಲನೆಯದರಲ್ಲಿ, ಎರಡನೆಯದರಲ್ಲಿ, ಮತ್ತೆ ಮೊದಲನೆಯದರಲ್ಲಿ ಕೇಳಿ. ಹೊಸತರ ಬೆರಗು ಇಳಿದ ಮೇಲೆ ಉಳಿಯುವ ವ್ಯತ್ಯಾಸವನ್ನಷ್ಟೇ ನಂಬಿ.

ಕೇಳಲು ನಾಲ್ಕು ತುಣುಕು ಸಾಕು. ತಂಬೂರಿಯ ಜೀವಾಳಿಯಲ್ಲಿ, ಅಂದರೆ ತಂತಿಯಡಿ ಎಳೆ ಇಟ್ಟಾಗ ಏಳುವ ಝೇಂಕಾರದಲ್ಲಿ, ಮೇಲಿನ ಹಾರ್ಮೋನಿಕ್‌ಗಳು ಬಿಡಿಸಿಕೊಳ್ಳುತ್ತವೆಯೋ ಒಂದೇ ಗುಂಯ್‌ಗುಡುವಿಕೆ ಆಗುತ್ತದೆಯೋ ನೋಡಬೇಕು. ವೀಣೆಯ ಮಂದ್ರ ತಂತಿಯಲ್ಲಿ ಮೀಟಿನ ಉಗುರಿನ ಸದ್ದು ಮತ್ತು ಹಿಂದೆ ಬರುವ ನಾದ ಬೇರೆ ಬೇರೆ ಕೇಳಿಸಬೇಕು. ಮೃದಂಗದ ಎಡದಲ್ಲಿ ಗುಮಕಿ (ಅಂಗೈ ಒತ್ತಿ ಜಾರಿಸುವ ನುಡಿತ) ಜಾರುವಾಗ ಸ್ವರ ಬಾಗುವುದು ಗೊತ್ತಾಗಬೇಕು. ಕೊನೆಗೆ ಶ, ಷ, ಸ ತುಂಬಿದ ಯಾವುದಾದರೂ ಭಾವಗೀತೆಯ ಸಾಲು. ಮೇಲ್ದನಿಯ ಮುಳ್ಳುಗಳನ್ನು ಕನ್ನಡದ ಈ ಮೂರು ಅಕ್ಷರಗಳಷ್ಟು ಬೇಗ ಬಯಲಿಗೆಳೆಯುವುದು ಬೇರೊಂದಿಲ್ಲ.

ಗ್ರಾಡೊ 1953ರಿಂದ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲೇ ಇರುವ ಮನೆತನದ ಕಂಪನಿ. 2021ರಲ್ಲಿ ಬಂದ ಆರ್‌ಎಸ್1ಎಕ್ಸ್‌ನ ಕಪ್‌ನಲ್ಲಿ ಮೇಪಲ್, ಸೆಣಬಿನಂಥ ನಾರಿನ ಹೆಂಪ್, ಕೊಕೊಬೊಲೊ ಅನ್ನುವ ಗಟ್ಟಿಮರ ಮೂರೂ ಇವೆ. ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 38 ಓಮ್. ವೀಣೆಯ ಮೀಟು ಇದರಲ್ಲಿ ಕೇಳಿಸುವಷ್ಟು ಹತ್ತಿರದಿಂದ ಉಳಿದ ನಾಲ್ಕರಲ್ಲೂ ಕೇಳಿಸುವುದಿಲ್ಲ. ಉಗುರು ತಂತಿ ಬಿಡುವ ಕ್ಷಣವೇ ಕಿವಿಗೆ ಬೀಳುತ್ತದೆ. ಮೃದಂಗದ ಬಲದ ‘ನಂ’ ಖಡಕ್. ಎಡ ಮಾತ್ರ ಸೊರಗಿದೆ, ಗುಮಕಿಯ ಆಕಾರ ಉಂಟು, ತೂಕ ಇಲ್ಲ. ತೆರೆದ ಕಪ್, ಕಿವಿಯ ಮೇಲೇ ಕೂರುವ ಸ್ಪಂಜು, ಸುತ್ತಲೂ ಗಾಳಿ ಸೋರಿಕೆ ಇರುವಾಗ ಆಳದ ಬೇಸ್ ನಿಲ್ಲುವುದಾದರೂ ಹೇಗೆ?

ಗ್ರಾಡೊ ಕೊಂಡವರು ಮರದ ಬಗ್ಗೆ ಮಾತಾಡುವ ಸಮಯವನ್ನು ಪ್ಯಾಡಿಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಇದರ ಜೊತೆ ಬರುವುದು ನಡುವೆ ತೂತಿರುವ ಎಲ್ ಪ್ಯಾಡ್. ಅದನ್ನು ತೆಗೆದು ಚಪ್ಪಟೆಯ ಎಸ್ ಪ್ಯಾಡ್ ಹಾಕಿದರೆ ಡ್ರೈವರ್ ಕಿವಿಗೆ ಇನ್ನೂ ಹತ್ತಿರ ಬರುತ್ತದೆ. ಬೇಸ್ ಮತ್ತು ನಡುದನಿ ತುಂಬಿಕೊಳ್ಳುತ್ತವೆ, ಶ-ಷ ಮೆತ್ತಗಾಗುತ್ತವೆ, ಆದರೆ ಕಚೇರಿಯ ವಿಸ್ತಾರ ಹೋಗಿ ಎಲ್ಲರೂ ಒಂದೇ ಚಾಪೆಯ ಮೇಲೆ ಕೂತಂತಾಗುತ್ತದೆ. ಕಿವಿಯ ಅಂಚಿಗೂ ನೋವು. ಇದಕ್ಕೆ ತದ್ವಿರುದ್ಧ, ಜಿಎಸ್ ಸರಣಿಯ ದೊಡ್ಡ ಜಿ ಪ್ಯಾಡ್. ಅದು ಕಿವಿಯ ಸುತ್ತ ಕೂರುತ್ತದೆ, ಆರಾಮ, ವಿಸ್ತಾರ ಎರಡೂ ಸಿಗುತ್ತವೆ. ಡ್ರೈವರ್ ದೂರ ಸರಿದ ಕಾರಣ ನಡುದನಿ ತೆಳ್ಳಗಾಗಿ, ಹೆಣ್ಣು ಕಂಠದ ‘ಸ’ಕಾರ ಸೀಟಿ ಹೊಡೆಯತೊಡಗುತ್ತದೆ. ಮೂರನ್ನೂ ಹಾಕಿ ನೋಡಿದರೆ ಕೊನೆಗೆ ಎಲ್ ಪ್ಯಾಡಿಗೇ ಮರಳುವುದು ಹೆಚ್ಚು. ಪ್ಯಾಡ್ ಕೊಳೆಯಾದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಸೌಮ್ಯ ಸೋಪು ಹಾಕಿ, ಹಿಂಡದೆ ಬರೀ ಒತ್ತಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಸ್ಪಂಜು ಪುಡಿ ಉದುರಿಸಲು ಶುರುಮಾಡಿದರೆ ತೊಳೆದು ಉಳಿಸುವ ಆಸೆ ಬಿಡಿ. ಆ ಪುಡಿ ಹೋಗಿ ಕೂರುವುದು ಡ್ರೈವರಿನ ಜಾಲರಿಯ ಮೇಲೆ.

ಬೇಸ್ ಬಂದಾಗಲೆಲ್ಲ ಒಂದು ಕಡೆ ‘ಚರಚರ’ ಅಂದರೆ ಡ್ರೈವರ್ ಹೋಯಿತೆಂದು ಗಾಬರಿ ಬೇಡ. ಹೆಚ್ಚಿನ ಸಲ ಒಂದು ಕೂದಲು ಜಾಲರಿ ದಾಟಿ ಪೊರೆಗೆ ತಾಗುತ್ತಿರುತ್ತದೆ. ಪ್ಯಾಡ್ ತೆಗೆದು, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಪ್ಲಾಸ್ಟಿಕ್ ಚಿಮುಟದಿಂದ ಎಳೆಯಿರಿ. ಸ್ಟೀಲ್ ಚಿಮುಟವನ್ನು ಹತ್ತಿರ ತಂದರೆ ಆಯಸ್ಕಾಂತ ಸೆಳೆದು ಪೊರೆಯನ್ನೇ ಚುಚ್ಚಿಸುತ್ತದೆ. ಗ್ರಾಡೊದ ಇನ್ನೊಂದು ಕಾಟವೆಂದರೆ ಕಪ್ ಸುತ್ತು ಸುತ್ತು ತಿರುಗುವುದು. ಕಪ್‌ನಿಂದ ಬಿಚ್ಚಲಾಗದ ಕೇಬಲ್ ಅದರೊಂದಿಗೆ ಹುರಿಗೊಳ್ಳುತ್ತದೆ, ಒಳಗಿನ ಬೆಸುಗೆಗೆ ಎಳೆತ ಬೀಳುತ್ತದೆ. ಹಳೆಯದನ್ನು ಕೊಳ್ಳುವಾಗ ಎರಡೂ ಕಪ್‌ನ ಬುಡದಲ್ಲಿ ಕೇಬಲನ್ನು ಮೆಲ್ಲಗೆ ಆಡಿಸಿ, ಸದ್ದು ಕಡಿದು ಬರುತ್ತದೆಯೇ ಕೇಳಿ.

ಮೆಝೆ 109 ಪ್ರೊ ಬಗ್ಗೆ ಹೇಳುವುದು ಕಡಿಮೆ. ಅದು ಒಳ್ಳೆಯದಕ್ಕೇ. ರೊಮಾನಿಯಾದ ಬಾಯಾ ಮಾರೆಯ ಕಂಪನಿ, ವಾಲ್‌ನಟ್ ಕಪ್, 40 ಓಮ್, 112 ಡೆಸಿಬೆಲ್ ಸೂಕ್ಷ್ಮತೆ, 375 ಗ್ರಾಂ. ಫೋನಿಗೆ ಸಿಕ್ಕಿಸುವ ಪುಟ್ಟ ಆಂಪ್ ಆದ ಡಾಂಗಲ್ಲೇ ಸಾಕು. ತೆರೆದ ಕಪ್‌ನ ಮೂರರಲ್ಲಿ ಮೃದಂಗದ ಎಡ ಚೆನ್ನಾಗಿ ಉಬ್ಬುವುದು ಇದರಲ್ಲೇ. ಮೇಲ್ದನಿಯಲ್ಲಿ ಒಂದಿಷ್ಟು ಮೊನಚಿದೆ, ತಂಬೂರಿಗೆ ಅದರಿಂದ ಹೊಳಪು, ಹಳೆಯ ಧ್ವನಿಮುದ್ರಣದ ಪಿಟೀಲಿಗೆ ತುಸು ಕಿರಿಕಿರಿ. ಸ್ಕ್ರೂ ಬಿಚ್ಚಿ ಬಿಡಿಭಾಗ ಬದಲಿಸುವಂತೆ ಕಟ್ಟಿದ್ದಾರೆ ಅನ್ನುವುದು ರಿಪೇರಿಗೆ ವಿದೇಶಕ್ಕೆ ಕಳಿಸಬೇಕಾದ ನಮ್ಮಂಥವರಿಗೆ ದೊಡ್ಡ ಸಮಾಧಾನ.

ಡೆನಾನ್ ಮತ್ತು ಫಾಸ್ಟೆಕ್ಸ್‌ಗಳನ್ನು ಜೊತೆಗಿಟ್ಟೇ ನೋಡಬೇಕು. ಡೆನಾನ್‌ನ ಹಳೆಯ ಡಿ2000, ಡಿ5000, ಡಿ7000ಗಳನ್ನು ತಯಾರಿಸಿಕೊಟ್ಟದ್ದು ಫಾಸ್ಟೆಕ್ಸ್‌ನ ಮಾತೃಸಂಸ್ಥೆ ಫಾಸ್ಟರ್. ಆ ಸಂಬಂಧ ಕಡಿದ ಮೇಲೆ ಎರಡೂ ಬೇರೆ ದಾರಿ ಹಿಡಿದವು. ಟಿಎಚ್900ರ ಕಪ್ ಮಿಝುಮೆ ಅನ್ನುವ ಜಪಾನಿ ಬರ್ಚ್ ಮರದ್ದು, ಮೇಲೆ ಉರುಶಿ, ಅಂದರೆ ಮರದ ರಸದಿಂದ ಮಾಡುವ ಜಪಾನಿ ಮೆರುಗಿನ ಕೆಂಪು ಲೇಪ. ಆಯಸ್ಕಾಂತ 1.5 ಟೆಸ್ಲಾದಷ್ಟು ಬಲದ್ದು. ಆಳದ ಬೇಸ್‌ನಲ್ಲಿ ಐದರಲ್ಲಿ ಇದಕ್ಕೆ ಸಾಟಿಯಿಲ್ಲ. ಮೇಲ್ದನಿಯೂ ಮಿಂಚುತ್ತದೆ. ಇವೆರಡರ ನಡುವೆ ಸಿಕ್ಕಿದ ಹಾಡುಗಾರರು ಮಾತ್ರ ಒಂದು ಹೆಜ್ಜೆ ಹಿಂದೆ ನಿಂತು ಹಾಡುತ್ತಾರೆ. ಶ-ಷ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚುಚ್ಚುವುದೂ ಇದೇ. ಎಲೆಕ್ಟ್ರಾನಿಕ್ ಸಂಗೀತ, ಸಿನಿಮಾ ಹಾಡುಗಳಿಗೆ ಹಬ್ಬ. ಬರೀ ಹಾಡುಗಾರಿಕೆ ಕೇಳುವವರು ಇದಕ್ಕೆ ದುಡ್ಡು ಸುರಿಯಬೇಕಿಲ್ಲ.

2016ರ ಡಿ7200 ಇಷ್ಟು ಥಳುಕಿನದ್ದಲ್ಲ. ಅಮೆರಿಕನ್ ವಾಲ್‌ನಟ್, 25 ಓಮ್, 385 ಗ್ರಾಂ. ಕಂಠ ಮುಂದೆ, ಮೃದಂಗದ ಎಡ ದುಂಡಗೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಒಂದು ಎಳೆ ಉದ್ದ. ತಂಬೂರಿಯ ಮೇಲಿನ ಹೊಳಪು ಸ್ವಲ್ಪ ಮಸುಕು. ಗಂಟೆಗಟ್ಟಲೆ ಕೇಳಿದರೂ ಆಯಾಸವಾಗದಿರುವುದಕ್ಕೆ ಆ ಮಸುಕೇ ಕಾರಣ.

ಮುಚ್ಚಿದ ಕಪ್‌ನ ಇವೆರಡಕ್ಕೂ ಪ್ಯಾಡ್ ಸುತ್ತಲೂ ಬಿಗಿಯಾಗಿ ಕೂರಲೇಬೇಕು. ಕನ್ನಡಕದ ಕಾಲು ದಪ್ಪವಾಗಿದ್ದರೆ ಅಲ್ಲಿಂದ ಗಾಳಿ ಸೋರಿ ಬೇಸ್ ಇಳಿದುಬಿಡುತ್ತದೆ, ‘ಈ ಹೆಡ್‌ಫೋನ್‌ನಲ್ಲಿ ಬೇಸೇ ಇಲ್ಲ’ ಅನ್ನುವ ದೂರಿನ ಮೂಲ ಹಲವು ಸಲ ಇದೇ. 40 ಹರ್ಟ್ಸ್ ಸ್ವರವೊಂದನ್ನು ಸಣ್ಣಗೆ ನುಡಿಸಿ, ಅಂಗೈಯಿಂದ ಕಪ್ ಮೆಲ್ಲಗೆ ಒತ್ತಿ. ಒತ್ತಿದಾಗ ಸದ್ದು ಏರಿದರೆ ಸೋರಿಕೆ ಇದೆ ಎಂದೇ ಅರ್ಥ. ತೆಳು ತಂತಿಯ ಕಾಲಿನ ಕನ್ನಡಕವೋ ಹೊಸ ಪ್ಯಾಡೋ ಅದಕ್ಕೆ ಮದ್ದು.

ಇನ್ನು ಝಡ್‌ಎಂಎಫ್. ಷಿಕಾಗೊ ಕಡೆಯ ಸಣ್ಣ ಕಾರ್ಖಾನೆ, ಫಾಸ್ಟೆಕ್ಸ್ ಟಿ50ಆರ್‌ಪಿಗಳನ್ನು ಬಿಚ್ಚಿ ಮಾರ್ಪಡಿಸುತ್ತಾ ಶುರುವಾದದ್ದು. ಓಟರ್‌ನ ಡ್ರೈವರ್ ಬಯೊಸೆಲ್ಯುಲೋಸ್ ಪೊರೆಯದ್ದು, ಇಂಪಿಡೆನ್ಸ್ 300 ಓಮ್. ಇದನ್ನು ಡಾಂಗಲ್ಲಿಗೆ ಸಿಕ್ಕಿಸಿ ‘ಸಪ್ಪೆ’ ಅಂದರೆ ತಪ್ಪು ಹೆಡ್‌ಫೋನಿನದ್ದಲ್ಲ. 1 ವೋಲ್ಟ್ ಕೊಡುವ ಡಾಂಗಲ್‌ನಿಂದ 38 ಓಮ್‌ನ ಗ್ರಾಡೊಗೆ 26 ಮಿಲಿವಾಟ್ ಸಿಗುತ್ತದೆ, 300 ಓಮ್‌ನ ಓಟರ್‌ಗೆ 3.3 ಮಾತ್ರ.

ಓಟರ್ ಅರಳುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್‌ನ ಜೊತೆ. ಬಾಟಲ್‌ಹೆಡ್ ಕ್ರ್ಯಾಕ್‌ನಂಥ ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಸುಮಾರು 120 ಓಮ್. ಡ್ರೈವರ್ ಅನುರಣಿಸುವ ಬೇಸ್ ಪ್ರದೇಶದಲ್ಲಿ ಓಟರ್‌ನ 300 ಓಮ್ 500ಕ್ಕೆ ಏರಿತೆನ್ನಿ, ಅಲ್ಲಿ ಬೇಸ್ ಸುಮಾರು ಒಂದು ಡೆಸಿಬೆಲ್ ಉಬ್ಬುತ್ತದೆ. ಹಿತವಾದ ಉಬ್ಬು. ಅದೇ ಆಂಪ್‌ಗೆ ಗ್ರಾಡೊ ಸಿಕ್ಕಿಸಿ, 38 ಓಮ್ 80ಕ್ಕೆ ಏರಿದರೆ ಉಬ್ಬು ನಾಲ್ಕು ಡೆಸಿಬೆಲ್ ದಾಟಿ ಎಲ್ಲವೂ ಕಲಸುಮೇಲೋಗರ. ಆಂಪ್‌ನ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನ ಎಂಟನೇ ಒಂದರಷ್ಟಕ್ಕಿಂತ ಕಡಿಮೆ ಇರಲಿ ಅನ್ನುವ ಹಳೆಯ ಲೆಕ್ಕ ಬಂದದ್ದು ಇದಕ್ಕೇ. ಡೆನಾನ್, ಫಾಸ್ಟೆಕ್ಸ್‌ಗೆ 3 ಓಮ್ ಒಳಗೆ, ಗ್ರಾಡೊ, ಮೆಝೆಗೆ 5ರ ಒಳಗೆ ಸಿಗುವ ಸಾಧಾರಣ ಟ್ರಾನ್ಸಿಸ್ಟರ್ ಆಂಪ್ ಸಾಕು.

ಸರಿಯಾದ ಆಂಪ್ ಸಿಕ್ಕರೆ ತಂಬೂರಿ ಓಟರ್‌ನಲ್ಲೇ ತಂಬೂರಿಯಂತೆ ಇರುತ್ತದೆ. ನಾಲ್ಕು ತಂತಿಗಳ ಸ್ವರವೂ ಬೇರೆ ಬೇರೆ, ಅವುಗಳ ಮೇಲೆ ಏಳುವ ಝೇಂಕಾರವೂ ಬೇರೆ. ಮೀಟಿನ ಹತ್ತಿರ ಗ್ರಾಡೊದ ಚುರುಕಿಲ್ಲ, ಆಳದಲ್ಲಿ ಫಾಸ್ಟೆಕ್ಸ್‌ನ ಭಾರವಿಲ್ಲ. ಕಂಠ ಮಾತ್ರ ಇಲ್ಲಿಯಷ್ಟು ಸಹಜವಾಗಿ ಬೇರೆಲ್ಲೂ ಇಲ್ಲ. ಒಂದನ್ನೇ ಇಟ್ಟುಕೊಳ್ಳುವುದಾದರೆ ಕರ್ನಾಟಕ ಸಂಗೀತದ ಕಿವಿಗೆ ನಮ್ಮ ಆಯ್ಕೆ ಇದೇ, ಆಂಪ್‌ಗೂ ದುಡ್ಡಿದ್ದರೆ. ಇಲ್ಲದಿದ್ದರೆ ಮೆಝೆ. ಮನೆಯಲ್ಲಿ ಇನ್ನೊಬ್ಬರು ಮಲಗಿರುವಾಗ ಕೇಳುವವರಿಗೆ ಡೆನಾನ್. ಗ್ರಾಡೊ ಎರಡನೆಯ ಹೆಡ್‌ಫೋನ್ ಆಗಿ ಸೊಗಸು, ಒಂಟಿಯಾಗಿ ಅಲ್ಲ.

ಝಡ್‌ಎಂಎಫ್ ಒಂದೇ ಮಾದರಿಯನ್ನು ಹಲವು ಮರಗಳಲ್ಲಿ ಕೊಡುವುದರಿಂದ ಮರದ ಪ್ರಶ್ನೆ ಏಳುವುದು ಇಲ್ಲೇ. ತೆರೆದ ಮಾದರಿಯಲ್ಲಿ ಕಪ್ ಅನ್ನುವುದು ಹೆಚ್ಚುಕಡಿಮೆ ಒಂದು ಬಳೆ. ಹಿಂದಿನ ಗಾಳಿಗೆ ದಾರಿ ಇರುವಾಗ ಗೋಡೆ ಚೆರ್ರಿಯದ್ದೋ ಕೊಕೊಬೊಲೊದ್ದೋ ಅನ್ನುವುದು ಕಿವಿಗೆ ತಾಕುವುದು ಅತ್ಯಲ್ಪ. ಪ್ಯಾಡನ್ನು ತೂತಿಲ್ಲದ ಚರ್ಮದಿಂದ ತೂತಿನ ಚರ್ಮಕ್ಕೆ ಬದಲಿಸಿದರೆ ಆಗುವ ಬದಲಾವಣೆ ಅದಕ್ಕಿಂತ ಎಷ್ಟೋ ದೊಡ್ಡದು. ಮುಚ್ಚಿದ ಕಪ್‌ನಲ್ಲಿ ಮರ ತುಸು ಹೆಚ್ಚು ಮಾತಾಡುತ್ತದೆ, ಒಳಗೆ ಪುಟಿಯುವ ಸದ್ದನ್ನು ಗೋಡೆ ಎಷ್ಟು ಹೀರುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಅಲ್ಲೂ ಒಳಗಿನ ಆಕಾರ, ತುಂಬಿದ ಉಣ್ಣೆ ಮೊದಲು, ಮರ ಆಮೇಲೆ.

ಮರ ನಿಜಕ್ಕೂ ಗೊತ್ತಾಗುವುದು ಕುತ್ತಿಗೆಗೆ. ಚೆರ್ರಿಯ ಸಾಂದ್ರತೆ ಸೆಂಟಿಮೀಟರ್ ಘನಕ್ಕೆ ಸುಮಾರು 0.56 ಗ್ರಾಂ, ಕೊಕೊಬೊಲೊದ್ದು ಸುಮಾರು 1.1. ಎರಡೂ ಕಪ್ ಸೇರಿ 120 ಘನ ಸೆಂಟಿಮೀಟರ್ ಮರ ಹಿಡಿದರೆ ವ್ಯತ್ಯಾಸ 65 ಗ್ರಾಂ ಹತ್ತಿರ. ಮೊದಲೇ ಅರ್ಧ ಕಿಲೋ ಆಸುಪಾಸಿನ ಹೆಡ್‌ಫೋನ್‌ಗೆ ಇದು ಸಣ್ಣದಲ್ಲ. ಅಂದಹಾಗೆ ಕೊಕೊಬೊಲೊ ನಮ್ಮ ಪಶ್ಚಿಮಘಟ್ಟದ ಬೀಟೆಯ ದಾಯಾದಿ. ಎರಡೂ ಡಾಲ್ಬರ್ಜಿಯಾ ಕುಲದವು, ಎರಡೂ ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. ಹಗುರದ ಚೆರ್ರಿ, ಆ್ಯಶ್, ಸಪೇಲೆ ತೆಗೆದುಕೊಂಡರೆ ಕುತ್ತಿಗೆಗೂ ಒಳ್ಳೆಯದು, ಜೇಬಿಗೂ.

ಬೆಂಗಳೂರಿನಲ್ಲಿ ಮರದ ಕಪ್‌ಗೆ ದೊಡ್ಡ ಅಪಾಯವಿಲ್ಲ. ಮಂಗಳೂರು, ಕಾರವಾರದ ಮಳೆಗಾಲವೇ ಬೇರೆ: ಮರಕ್ಕಿಂತ ಮೊದಲು ಚರ್ಮದ ಪ್ಯಾಡಿಗೆ ಬೂಷ್ಟು ಹಿಡಿಯುತ್ತದೆ, ರೆಕ್ಸಿನ್ ಆದರೆ ಸಿಪ್ಪೆ ಏಳುತ್ತದೆ. ಕೇಳಿ ಮುಗಿದ ಮೇಲೆ ಬೆವರು ಒರೆಸಿ, ಪ್ಯಾಡ್ ಆರುವವರೆಗೆ ಹೊರಗಿಟ್ಟು, ಆಮೇಲೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಗೆ ಹಾಕಿ. ನುಸಿಗುಳಿಗೆ ಬೇಡ, ಅದರ ಆವಿ ಕೆಲವು ಪ್ಲಾಸ್ಟಿಕ್ಕನ್ನೂ ಅರಗಿನ ಲೇಪವನ್ನೂ ಮೆತ್ತಗೆ ಮಾಡುತ್ತದೆ. ಕೊಬ್ಬರಿ ಎಣ್ಣೆ ಒರೆಸುವುದಂತೂ ಬೇಡವೇ ಬೇಡ. ಒಣಗದ ಎಣ್ಣೆ ಅದು, ಧೂಳು ಹಿಡಿದು ಅಂಟಂಟಾಗಿ ಕಮಟು ವಾಸನೆ ಹೊಡೆಯುತ್ತದೆ. ಲೇಪವಿರುವ ಕಪ್‌ಗೆ ಒಣ ಮೈಕ್ರೊಫೈಬರ್ ಬಟ್ಟೆ ಸಾಕು. ಉರುಶಿಗೆ ಬಿಸಿಲು ಆಗಿಬರುವುದಿಲ್ಲ, ಟಿಎಚ್900 ಅನ್ನು ಕಿಟಕಿ ಪಕ್ಕದ ಸ್ಟ್ಯಾಂಡಿನಲ್ಲಿ ಪ್ರದರ್ಶನಕ್ಕೆ ಇಟ್ಟರೆ ಆ ಕೆಂಪು ಹೊಳಪು ಕ್ರಮೇಣ ಮಂಕಾಗುತ್ತದೆ.